ಬೆಡ್ ನಂಬರ್ 14ರ ಕಡೆಯವರು ಯಾರ್ರೀ?

17 ದಿನ ನನಗೆ ಹೆಸರೇ ಇರಲಿಲ್ಲ. ದಿನಕ್ಕೆ ಹತ್ತು ಸಲ ಸಿಸ್ಟರ್ ವಾರ್ಡಿನ ಬಾಗಿಲಿಗೆ ಬಂದು "ಹದಿನಾಲ್ಕರ ಕಡೆಯವರು ಯಾರ್ರೀ?" ಅಂತ ಕೂಗುತ್ತಿದ್ದರು, ನಾನು ಕೈಯಲ್ಲಿದ್ದ ಟೀ ಹಾಗೇ ಇಟ್ಟು ಓಡುತ್ತಿದ್ದೆ. ಕೈಗೊಂದು ಚೀಟಿ ಬೀಳುತ್ತಿತ್ತು. ಔಷಧಿ ತರಬೇಕು, ರಕ್ತದ ಸ್ಯಾಂಪಲ್ ಕೆಳಗಿನ ಲ್ಯಾಬಿಗೆ ಕೊಡಬೇಕು, ಸ್ಕ್ಯಾನಿಂಗ್‌ಗೆ ಸ್ಟ್ರೆಚರ್ ತಳ್ಳಬೇಕು, ಡೈಪರ್ ಮುಗಿದಿದೆ. ಮೊದಲ ದಿನ ಸ್ವಲ್ಪ ಬೇಜಾರಾಗಿತ್ತು. ಆಮೇಲೆ ಎಷ್ಟು ಅಭ್ಯಾಸವಾಯಿತು ಅಂದರೆ, ಎದುರಿನ ಮೆಡಿಕಲ್ ಶಾಪಿನ ಹುಡುಗನೂ "ಏನ್ ಹದಿನಾಲ್ಕೂ, ಹೆಂಗದಾರೆ ಅಪ್ಪಾರು ಇವತ್ತು?" ಅಂತ ಕೇಳಲು ಶುರು ಮಾಡಿದ.

ಹದಿನಾಲ್ಕು ಅಂದರೆ ನಮ್ಮಪ್ಪ. ಲಕ್ವ ಹೊಡೆದಿತ್ತು. ನಮ್ಮೂರು ಜಗಳೂರು ಕಡೆ, ನಾನಿರುವುದು ದಾವಣಗೆರೆಯಲ್ಲಿ, ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಅವತ್ತು ಬೆಳಗ್ಗೆ ಎಮ್ಮೆ ಹಾಲು ಕರೆಯಲು ಅಪ್ಪ ಏಳಲಿಲ್ಲ ಅಂತ ಅವ್ವ ಹೋಗಿ ಅಲುಗಾಡಿಸಿದರೆ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಲಗೈ ಏಳುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ನೆಂಟರೊಬ್ಬರು ಪಾರಿವಾಳದ ರಕ್ತ ಹಚ್ಚಿದರೆ ಸರಿಹೋಗುತ್ತದೆ ಅಂದರು, ಇನ್ನೊಬ್ಬರು ಎಣ್ಣೆ ತಿಕ್ಕುವವರ ವಿಳಾಸ ಕೊಟ್ಟರು. ಅದರಲ್ಲೇ ಒಂದೂವರೆ ಗಂಟೆ ಹೋಯಿತು. 108ಕ್ಕೆ ಫೋನ್ ಮಾಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ಕೊನೆಗೆ ಪಕ್ಕದ ಮನೆಯವರ ಟಾಟಾ ಏಸ್‌ನಲ್ಲಿ ಹಾಸಿಗೆ ಹಾಕಿ ಕರೆತಂದರು. ಇಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಇವರು ಚೆನ್ನಾಗಿದ್ದದ್ದನ್ನ ಕೊನೆಗೆ ನೋಡಿದ್ದು ಎಷ್ಟು ಗಂಟೆಗೆ?" ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ, ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಮಾಡಿ ಒಳಗೆ ರಕ್ತ ಸೋರಿಲ್ಲ ಅಂತ ನೋಡಿಕೊಳ್ಳಬೇಕಂತೆ. ನಿದ್ದೆಯಲ್ಲಿ ಆಗಿದ್ದರೆ ಲೆಕ್ಕ ಹಿಡಿಯುವುದು ಮಲಗುವಾಗ ಚೆನ್ನಾಗಿದ್ದ ಹೊತ್ತಿನಿಂದ. ಅಪ್ಪ ಮಲಗಿದ್ದು ರಾತ್ರಿ ಒಂಬತ್ತೂವರೆಗೆ. ಅಂದರೆ ಅವ್ವ ನೋಡುವಷ್ಟರಲ್ಲೇ ಸಮಯ ಮೀರಿತ್ತು. ಪಾರಿವಾಳದವರ ಮೇಲಿನ ಸಿಟ್ಟು ಇದನ್ನು ಕೇಳಿದ ಮೇಲೆ ಅರ್ಧ ಇಳಿಯಿತು. ಇನ್ನರ್ಧ ಇನ್ನೂ ಇದೆ.

ಕಾಯಿಲೆ ಕಥೆ ಇಲ್ಲಿಗೆ ಸಾಕು. ಪಕ್ಕದಲ್ಲಿ ಕೂರುವವರ ಬಗ್ಗೆ ಬರೆಯಬೇಕು ಅಂತ ಆರು ತಿಂಗಳಿಂದ ಅಂದುಕೊಳ್ಳುತ್ತಿದ್ದೆ. ನಮ್ಮ ಆಸ್ಪತ್ರೆಗಳಲ್ಲಿ ಅರ್ಧ ಕೆಲಸ ಮಾಡುವವರು ಈ "ಕಡೆಯವರು". ಉಣಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು, ಡ್ರಿಪ್ ಬಾಟಲಿ ಮುಗೀತು ಅಂತ ಹೇಳುವುದು, ರಾತ್ರಿ ಎಚ್ಚರ ಇರುವುದು, ಎಲ್ಲ ಅವರದೇ. ಅವರಿಗೆ ಇರುವುದು ಒಂದು ಸ್ಟೂಲು. ಸಹಾಯ ಅಂತ ಏನೇನೋ ಇದೆ, ಇಲ್ಲ ಅಂತ ಹೇಳುವುದಿಲ್ಲ. ಆದರೆ ಅದು ಇದೆ ಅಂತ ಯಾರೂ ಹೇಳುವುದಿಲ್ಲ. ನನಗೆ ಗೊತ್ತಾದದ್ದೆಲ್ಲ ಆಯಮ್ಮನಿಂದ, ಟೀ ಅಂಗಡಿಯಿಂದ, ಪಕ್ಕದ ಬೆಡ್ಡಿನವರಿಂದ.

ದುಡ್ಡಿನ ವಿಷಯವನ್ನೇ ತೆಗೆದುಕೊಳ್ಳಿ. ಆಸ್ಪತ್ರೆ ಹೆಸರು ಬೇಡ. ಕೌಂಟರಿನಲ್ಲಿ "ಅಡ್ವಾನ್ಸ್ ಕಟ್ಟಿ" ಅಂದರು, ನಾನು ಅಂಗಡಿ ಸಾಹುಕಾರರ ಹತ್ತಿರ ಸಾಲ ತಂದು ಕಟ್ಟಿದೆ. ಬಿಪಿಎಲ್ ಕಾರ್ಡ್ ಇದೆಯಾ ಅಂತ ಅವರು ಕೇಳಲಿಲ್ಲ, ಇದೆ ಅಂತ ಹೇಳುವ ಬುದ್ಧಿ ನನಗೂ ಇರಲಿಲ್ಲ. ಮೂರನೇ ದಿನ ನೆಲ ಒರೆಸಲು ಬಂದ ಆಯಮ್ಮ ನನ್ನ ಕೈಯಲ್ಲಿದ್ದ ಬಿಲ್ಲು ನೋಡಿ, "ಅಯ್ಯ, ಕಾರ್ಡ್ ಐತೇನಪಾ? ಕೆಳಗೆ ಆರೋಗ್ಯ ಮಿತ್ರ ಕುಂತಿರ್ತಾರೆ, ಹೋಗಿ ಕೇಳು, ಸುಮ್ನೆ ದುಡ್ಡು ಸುರೀಬ್ಯಾಡ" ಅಂದರು. ಕೆಳಗೆ ಹೋಗಿ ನೋಡಿದರೆ ಕಂಬದ ಹಿಂದೆ ಒಂದು ಟೇಬಲ್ಲು, ಮೇಲೊಂದು ಬೋರ್ಡು. ಅದೇ ಕಂಬಕ್ಕೆ ಒರಗಿಕೊಂಡು ನಾನು ಎರಡು ದಿನ ಟೀ ಕುಡಿದಿದ್ದೆ!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವುದು 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಏನೂ ಇಲ್ಲ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ, ಅವರಿಗೂ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ, ಕಾಗದಪತ್ರದ ಕೆಲಸಕ್ಕೆ ಸಹಾಯ ಮಾಡುವುದೇ ಅವರ ಕೆಲಸ. ಸಾಮಾನ್ಯವಾಗಿ ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಬಳಸಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು, ನಮ್ಮಲ್ಲಾದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ತರುತ್ತಾರೆ. ಜೀವಕ್ಕೆ ಅಪಾಯ ಇರುವ ತುರ್ತು ಕೇಸಿಗೆ ಆ ಚೀಟಿಗೆ ಕಾಯಬೇಕಿಲ್ಲ. ಆದರೆ ಒಂದು ಮಾತು. ದಾಖಲು ಮಾಡುವಾಗಲೇ ಕಾರ್ಡು, ಆಧಾರ್ ತೋರಿಸಿ "ಇದರಲ್ಲಿ ಮಾಡಿಸಿ" ಅಂತ ಬಾಯಿಬಿಟ್ಟು ಹೇಳಬೇಕು. ಆಸ್ಪತ್ರೆಯವರು ಅರ್ಜಿ ಕಳಿಸಿ ಮೇಲಿನಿಂದ ಒಪ್ಪಿಗೆ ಬರಬೇಕು. ನಾನು ಮೊದಲ ಮೂರು ದಿನ ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಮುಂದಿನದು ಕಾರ್ಡಿನಲ್ಲಿ ಆಯಿತು. ಆಯಮ್ಮನಿಗೆ ಸೀರೆ ಕೊಡಿಸಬೇಕು ಅಂತ ಅವ್ವ ಹೇಳಿದ್ದಳು, ಡಿಸ್ಚಾರ್ಜ್ ದಿನ ಅವರ ಶಿಫ್ಟ್ ಇರಲಿಲ್ಲ.

ಇನ್ನು ನಿದ್ದೆ. ರಾತ್ರಿ ಒಬ್ಬರಿಗೆ ಮಾತ್ರ ಒಳಗೆ ಪಾಸು, ಉಳಿದವರು ವರಾಂಡದಲ್ಲಿ ಚಾಪೆ ಹಾಸಿಕೊಳ್ಳಬೇಕು. ಸೊಳ್ಳೆ ಸರಿ, ಚಳಿ ಸರಿ, ಬೆಳಗ್ಗೆ ಐದಕ್ಕೆ ಫಿನಾಯಿಲ್ ನೀರು ಸುರಿದು "ಏಳ್ರೀ ಏಳ್ರೀ" ಅಂತ ಎಬ್ಬಿಸುವುದೂ ಸರಿ. ಹೆಂಗಸರ ಪಾಡು ನನಗೆ ಆಗ ಗೊತ್ತಾಯಿತು. ಅವ್ವ ಎರಡು ದಿನ ನೀರೇ ಕುಡಿಯುತ್ತಿರಲಿಲ್ಲ. ಯಾಕವ್ವಾ ಅಂದರೆ ಮಾತಾಡಲಿಲ್ಲ. ಆಮೇಲೆ ನನ್ನ ಹೆಂಡತಿ ಹೇಳಿದಳು, ಕಡೆಯವರಿಗೆ ಅಂತ ಇದ್ದ ಒಂದೇ ಬಾತ್‌ರೂಮಿನ ಚಿಲಕ ಮುರಿದಿತ್ತು. ಪೇಷಂಟ್ ಗುಣವಾಗುವ ಹೊತ್ತಿಗೆ ಜೊತೆಗಿದ್ದವರು ಕಾಯಿಲೆ ಬೀಳುವುದು ಹೀಗೇ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ದೂರದೂರಿಂದ ಬಂದವರಿಗೆ ಧರ್ಮಶಾಲೆ ಇದೆ. ಸುತ್ತಲ ಜಿಲ್ಲೆಗಳಿಂದೆಲ್ಲ ಜನ ದಾವಣಗೆರೆಗೆ ಬರುತ್ತಾರೆ, ಚಿತ್ರದುರ್ಗದಿಂದ, ಹರಪನಹಳ್ಳಿಯಿಂದ, ರಾಣೆಬೆನ್ನೂರಿನಿಂದ. ಪ್ರತಿ ದೊಡ್ಡ ಆಸ್ಪತ್ರೆ ಪಕ್ಕ ನಾಲ್ಕು ಗೋಡೆ, ಒಂದು ಚಿಲಕ ಇರುವ ಬಾತ್‌ರೂಮು, ಒಂದು ಗೀಸರ್ ಇರುವ ಜಾಗ ಬೇಕು ಅನ್ನುವುದು ದುರಾಸೆ ಏನಲ್ಲ, ಅಲ್ವಾ?

ಊಟಕ್ಕೆ ಅಷ್ಟು ತೊಂದರೆ ಆಗಲಿಲ್ಲ. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಬಿಸಿನೀರು ಮಾತ್ರ ಚಿನ್ನ. ಟೀ ಅಂಗಡಿಯ ಅಜ್ಜ ಫ್ಲಾಸ್ಕಿಗೆ ಹತ್ತು ರೂಪಾಯಿ ತಗೊಂಡು ತುಂಬಿಸಿಕೊಡುತ್ತಿದ್ದ, ಬಿಡಿ, ಅವನ ಗ್ಯಾಸೂ ದುಡ್ಡೇ.

ನೋಡಲು ಬರುವವರ ಬಗ್ಗೆ ಎರಡು ಮಾತು ಬರೆಯದೇ ಇದ್ದರೆ ನನಗೆ ಸಮಾಧಾನ ಇಲ್ಲ. ನೆಂಟರು ತಪ್ಪು ತಿಳಿದುಕೊಳ್ಳಬಾರದು. ಒಂದು ಭಾನುವಾರ ಹನ್ನೊಂದು ಜನ ಬಂದಿದ್ದರು. ಎಲ್ಲರಿಗೂ ಮೊದಲಿಂದ ಕಥೆ ಹೇಳಬೇಕು, ಬೆಳಗ್ಗೆ ಎಮ್ಮೆ ಕರೆಯಲು ಏಳಲಿಲ್ಲ ಅನ್ನುವಲ್ಲಿಂದ. ಒಬ್ಬರು "ನಮ್ಮ ಬೀಗರಿಗೂ ಹಿಂಗೇ ಆಗಿತ್ತು, ಎರಡೇ ತಿಂಗಳಿದ್ರು ನೋಡು" ಅಂದರು, ಅಪ್ಪನಿಗೆ ಮಾತು ಬರುತ್ತಿರಲಿಲ್ಲ ಅಷ್ಟೇ, ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಇನ್ನೊಬ್ಬರು ಪ್ರೀತಿಯಿಂದ ಅಪ್ಪನಿಗೆ ಬೆಣ್ಣೆದೋಸೆ ಪಾರ್ಸಲ್ ತಂದಿದ್ದರು. ಮೂಗಿಗೆ ಟ್ಯೂಬ್ ಹಾಕಿ ಗಂಜಿ ಬಿಡುತ್ತಿದ್ದ ಮನುಷ್ಯನಿಗೆ! ದೋಸೆ ನಾನು ತಿಂದೆ, ಸುಳ್ಳು ಯಾಕೆ ಹೇಳಲಿ, ಅವತ್ತು ಅದು ಅಮೃತ.

ಎಲ್ಲರೂ "ಏನಾದ್ರೂ ಬೇಕಿದ್ರೆ ಹೇಳಪ್ಪ" ಅಂತ ಹೇಳಿ ಹೋಗುತ್ತಿದ್ದರು. ಏನು ಬೇಕು ಅಂತ ಯೋಚಿಸಲೂ ತಲೆ ಓಡದ ಹೊತ್ತದು. ನಮ್ಮ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಒಬ್ಬ ಅಣ್ಣ ಇದ್ದಾರೆ, ಹೆಚ್ಚು ಮಾತಿನವರಲ್ಲ. ಒಂದು ಸಂಜೆ ಅಂಗಡಿ ಮುಚ್ಚಿಕೊಂಡು ಬಂದು, ನನ್ನ ಕೈಯಿಂದ ಚೀಟಿ ಕಟ್ಟು, ಪಾಸು, ಚಾರ್ಜರು ಎಲ್ಲ ಇಸಿದುಕೊಂಡು, "ನೀನ್ ಮನೀಗೆ ಹೋಗಿ ಸ್ನಾನ ಮಾಡಿ ಮಕ್ಕ. ಬೆಳಗ್ಗೆ ಏಳಕ್ಕೆ ಬಾ. ಅಲ್ಲೀತನ ನಾನೇ ಹದಿನಾಲ್ಕು" ಅಂದರು. ಹೋಗಿ ಮಲಗಿದವನು ಹತ್ತು ಗಂಟೆ ಎದ್ದಿಲ್ಲ. ಆಮೇಲೆ ಎರಡು ದಿನಕ್ಕೊಮ್ಮೆ ಹೀಗೇ ಬಂದರು. ನೀವು ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೊರಟಿದ್ದರೆ ಆ್ಯಪಲ್ ತಗೊಳ್ಳಬೇಡಿ, ನಾಲ್ಕು ಗಂಟೆ ಪುರುಸೊತ್ತು ತಗೊಂಡು ಹೋಗಿ.

ಒಂದು ರಾತ್ರಿಯದು ಬರೆಯಲೋ ಬೇಡವೋ ಅಂತಿದ್ದೆ. ಹನ್ನೊಂದನೇ ದಿನ ಇರಬೇಕು. ಒಂಬತ್ತನೇ ಬೆಡ್ಡಿನ ಅಜ್ಜ ತೀರಿಕೊಂಡಿದ್ದರು. ಅವರ ಮಕ್ಕಳು ಮೂಲೆಯಲ್ಲಿ ನಿಂತು "ಬಿಲ್ ಕಟ್ಟದೇ ಬಾಡಿ ಕೊಡಲ್ವಂತೆ" ಅಂತ ಪಿಸುಗುಡುತ್ತಿದ್ದರು. ಅಳಲೂ ಪುರುಸೊತ್ತಿಲ್ಲದೆ ಫೋನ್ ಮಾಡಿ ದುಡ್ಡು ಕೇಳುತ್ತಿದ್ದರು. ವಾರ್ಡಿನಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರು ಎದ್ದು ಹೋಗಿ, ಹಾಗೆ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ ಕೌಂಟರಿನಲ್ಲಿ ಗಟ್ಟಿಯಾಗಿ ಹೇಳಿದರು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಲ್ಲಿ ಅದು ಇದೆ, ಬಾಕಿ ಹಣಕ್ಕೆ ಶವ ತಡೆಯುವಂತಿಲ್ಲ, ಬಾಕಿ ವಸೂಲಿ ಆಮೇಲಿನ ಮಾತು. ದೂರು ಕೊಡಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಯೂ ಇದೆ. ಅರ್ಧ ಗಂಟೆಯಲ್ಲಿ ಕಾಗದ ಬಂತು. ಅವತ್ತು ಆ ಮೇಷ್ಟ್ರು ಇಲ್ಲದಿದ್ದರೆ?

ಅವರೆಲ್ಲ ಹೋದ ಮೇಲೆ ನನಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಅಪ್ಪನ ಉಸಿರು ಎಣಿಸುತ್ತಾ ಕೂತೆ. ಎರಡು ಗಂಟೆ ರಾತ್ರಿ, ಯಾರಿಗೆ ಫೋನ್ ಮಾಡಲಿ? ಗೋಡೆಯಲ್ಲಿ ಟೆಲಿ ಮನಸ್ ಅಂತ ಪೋಸ್ಟರ್ ಇತ್ತು, 14416. 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ವರಾಂಡಕ್ಕೆ ಹೋಗಿ ಮಾಡಿದೆ. "ನನಗೇನೂ ಆಗಿಲ್ಲ ಮೇಡಂ, ಪೇಷಂಟ್ ನಮ್ಮಪ್ಪ" ಅಂತಲೇ ಶುರು ಮಾಡಿದೆ ಅಂತ ನೆನಪು. ಅವರು ಕನ್ನಡದಲ್ಲೇ, ಅವಸರ ಇಲ್ಲದೆ, ಊಟ ಮಾಡಿದ್ದು ಯಾವಾಗ, ನಿದ್ದೆ ಮಾಡಿದ್ದು ಯಾವಾಗ ಅಂತ ಕೇಳಿದರು. ಹನ್ನೊಂದು ದಿನದಲ್ಲಿ ನನ್ನ ಬಗ್ಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಗಂಡಸು, ನಲವತ್ತು ದಾಟಿದವನು, ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತೆ. ನಾಚಿಕೆ ಏನಿಲ್ಲ ಈಗ. ಆರೋಗ್ಯದ ಬೇರೆ ಮಾಹಿತಿಗೆ 104 ಇದೆ, ಅದನ್ನೂ ಬರೆದಿಟ್ಟುಕೊಳ್ಳಿ.

ಪಕ್ಕದ ಬೆಡ್ಡಿನ ಅಕ್ಕನಿಂದ ಇನ್ನೊಂದು ಗೊತ್ತಾಯಿತು. ಅವರ ಗಂಡನಿಗೆ ಕ್ಯಾನ್ಸರ್, ಕಿದ್ವಾಯಿಗೆ ಹೋಗಿಬರುತ್ತಾರೆ, ಈ ಸಲ ಬೇರೆ ತೊಂದರೆಗೆ ಇಲ್ಲಿ ಸೇರಿಸಿದ್ದರು. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ಒಂದು ಫಾರಂ ತುಂಬಿಸಿಕೊಂಡು ಸ್ಟೇಷನ್ ಕೌಂಟರಿನಲ್ಲಿ ಕೊಡಬೇಕು. ನಾಲ್ಕು ಸಲ ಪೂರ್ತಿ ದುಡ್ಡು ಕೊಟ್ಟು ಹೋಗಿಬಂದ ಮೇಲೆ, ರೈಲಿನಲ್ಲೇ ಎದುರು ಕೂತಿದ್ದ ಇನ್ನೊಬ್ಬ ಪೇಷಂಟ್ ಕಡೆಯವರು ಅವರಿಗೆ ಇದನ್ನು ಹೇಳಿದರಂತೆ.

ಹೀಗೆ ಒಬ್ಬರಿಂದೊಬ್ಬರಿಗೆ ಹೇಳಿಕೊಳ್ಳುವುದನ್ನೇ ಸರಿಯಾಗಿ ಕಟ್ಟಿ ನಿಲ್ಲಿಸಬಹುದು ಅನ್ನುವುದಕ್ಕೆ ದಾವಣಗೆರೆಯಲ್ಲೇ ಉದಾಹರಣೆ ಇದೆ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿ. ಗಾಯವಾದರೆ ರಕ್ತ ನಿಲ್ಲದ ಕಾಯಿಲೆ ಹಿಮೋಫಿಲಿಯಾ. ಅದನ್ನು ಕಟ್ಟಿದ ಡಾ. ಸುರೇಶ ಹನಗವಾಡಿ ಅವರಿಗೇ ಆ ಕಾಯಿಲೆ ಇದೆ, ಡಾಕ್ಟರೂ ಅವರೇ, ಪೇಷಂಟೂ ಅವರೇ. ಎರಡೂ ಕಡೆ ಕೂತು ನೋಡಿದವರಿಗೆ ಮಾತ್ರ ಹೊಳೆಯುವ ಸಂಗತಿಗಳು ಇರುತ್ತವೆ. ಲಕ್ವಕ್ಕೆ, ಕಿಡ್ನಿಗೆ, ಕ್ಯಾನ್ಸರ್‌ಗೆ ಊರೂರಲ್ಲಿ ಅಂಥದ್ದು ಇದ್ದಿದ್ದರೆ ಅಂತ ಎಷ್ಟೋ ಸಲ ಅನಿಸಿದೆ.

ನಿಜವಾದ ಕಷ್ಟ ಶುರುವಾದದ್ದು ಡಿಸ್ಚಾರ್ಜ್ ದಿನ. ಎಲ್ಲರೂ "ಮನೆಗೆ ಹೊರಟ್ರಲ್ಲ, ಒಳ್ಳೇದಾತು" ಅಂದರು. ನನ್ನ ಕೈಯಲ್ಲಿ ಇಂಗ್ಲಿಷಿನ ಎರಡು ಹಾಳೆ, ಮಾತ್ರೆ ಚೀಲ, ಮತ್ತು ಮೂಗಿನಲ್ಲಿ ಟ್ಯೂಬ್, ಕೆಳಗೆ ಮೂತ್ರದ ಚೀಲ ಇರುವ ಅಪ್ಪ. ಮನೆಯಲ್ಲಿ ಇದನ್ನೆಲ್ಲ ಹೇಗೆ ನೋಡಿಕೊಳ್ಳುವುದು ಅಂತ ಕೂರಿಸಿ ಹೇಳಿದವರಿಲ್ಲ. ನಾನು ಒಬ್ಬ ಸಿಸ್ಟರ್ ಹಿಂದೆ ಬಿದ್ದು, ಬೇಡಿಕೊಂಡು, ಅವರು ಮಾಡುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆ. ಅದೊಂದೇ ನಾನು ಮಾಡಿದ ಬುದ್ಧಿವಂತ ಕೆಲಸ. ಟ್ಯೂಬಿನಲ್ಲಿ ಗಂಜಿ ಬಿಡುವಾಗ ತಲೆ ಕಡೆ ಎತ್ತರಿಸಿರಬೇಕು, ಬಿಟ್ಟ ಮೇಲೂ ಅರ್ಧ ಗಂಟೆ ಮಲಗಿಸಬಾರದು, ಕೊನೆಗೆ ನೀರು ಬಿಟ್ಟು ಟ್ಯೂಬ್ ತೊಳೆಯಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟ, ಹಿಮ್ಮಡಿ ಹತ್ತಿರ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ಒಂದು ಸಲ ಹುಣ್ಣಾದರೆ ತಿಂಗಳುಗಟ್ಟಲೆ ಗೋಳು. ಗಾಳಿ ತುಂಬುವ ಏರ್ ಬೆಡ್ ಬಾಡಿಗೆಗೂ ಸಿಗುತ್ತದೆ, ಆದರೆ ಅದಿದೆ ಅಂತ ಮಗ್ಗುಲು ಬದಲಿಸುವುದು ಬಿಡುವ ಹಾಗಿಲ್ಲ. ಬಿದ್ದುಹೋದ ಕೈಯನ್ನು ಹಿಡಿದು ಎಳೆದು ಎಬ್ಬಿಸಬಾರದು, ಭುಜದ ಕೀಲು ಜಾರುತ್ತದೆ. ಇದನ್ನು ಫಿಸಿಯೋಥೆರಪಿಯವರು ಹೇಳಿದ್ದು ಮೂರು ವಾರ ಆದ ಮೇಲೆ, ಅಷ್ಟರಲ್ಲಿ ನಾವು ದಿನಾ ಎಳೆದಿದ್ದೆವು. ಬಾಯಿಂದ ಊಟ ಶುರು ಮಾಡುವಾಗ ನೀರಿಗಿಂತ ಸ್ವಲ್ಪ ಗಟ್ಟಿ ಇರುವ ರಾಗಿ ಗಂಜಿ ಸಲೀಸು, ತೆಳ್ಳನೆ ನೀರು ಶ್ವಾಸಕ್ಕೆ ಹೋಗುವ ಭಯ ಜಾಸ್ತಿ. ಅದೂ ಡಾಕ್ಟರ್ ನುಂಗಿಸಿ ನೋಡಿ ಸೈ ಅಂದ ಮೇಲೆ.

ಮನೆಗೆ ಬಂದ ಮೇಲೆ "ಕಡೆಯವರು" ಅಂದರೆ ಬಹಳಷ್ಟು ಮಟ್ಟಿಗೆ ನನ್ನ ಹೆಂಡತಿ. ಇದನ್ನು ಬರೆಯದೇ ಇದ್ದರೆ ಮೋಸ. ಅವಳು ಟೈಲರಿಂಗ್ ಮಾಡಿ ದುಡಿಯುತ್ತಿದ್ದಳು, ನಾಲ್ಕು ತಿಂಗಳು ಮಿಷನ್ ಮೇಲೆ ಬಟ್ಟೆ ಮುಚ್ಚಿಟ್ಟಿದ್ದಳು. ಅದಕ್ಕೆ ಯಾರು ಲೆಕ್ಕ ಇಡುತ್ತಾರೆ, ಲೆಕ್ಕ ಬರೆಯುವವನ ಮನೆಯಲ್ಲೇ ಇಟ್ಟಿಲ್ಲ. 2024ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1000 ರೂಪಾಯಿ ಕೊಡುವುದಾಗಿ ಹೇಳಿದರು. ಲಕ್ವ ಆ ಪಟ್ಟಿಯಲ್ಲಿ ಇರಲಿಲ್ಲ. ಸಾವಿರ ರೂಪಾಯಿಗೆ ಏರ್ ಬೆಡ್ ಬಾಡಿಗೆ, ಡೈಪರ್ ಎಲ್ಲ ಆಗುವುದಿಲ್ಲ, ಗೊತ್ತು. ಆದರೂ ನೋಡಿಕೊಳ್ಳುವವರು ಅಂತ ಒಬ್ಬರಿದ್ದಾರೆ ಎಂದು ಸರ್ಕಾರದ ಕಾಗದದಲ್ಲಿ ಬಂತಲ್ಲ, ನನಗೆ ಅಷ್ಟಕ್ಕೇ ಖುಷಿಯಾಗಿತ್ತು.

ಈಗ ನಾವು ಒಂದು ಪಾಳಿ ಮಾಡಿಕೊಂಡಿದ್ದೇವೆ. ಹಾಲಿನವನ ಕ್ಯಾಲೆಂಡರ್ ಮೇಲೆ ಪೆನ್ನಿನಲ್ಲಿ ಬರೆದಿದೆ. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಅಕ್ಕ ಹೊಸದುರ್ಗದಿಂದ ಬರುತ್ತಾಳೆ, ಹೆಂಗಸರಿಗೆ ಬಸ್ ಫ್ರೀ ಆದದ್ದು ನಮ್ಮ ಮನೆಗೆ ಇಷ್ಟು ಉಪಯೋಗ ಆಗುತ್ತದೆ ಅಂದುಕೊಂಡಿರಲಿಲ್ಲ. ಅವಳು ಇರುವಾಗ ನನ್ನ ಹೆಂಡತಿ ಮಿಷನ್ ಮುಂದೆ ಕೂರುತ್ತಾಳೆ. ಭಾವ ಮೊದಮೊದಲು ಗೊಣಗಿದರು, ಈಗ ಅವರೇ ಅಡುಗೆ ಕಲಿತಿದ್ದಾರಂತೆ, ಅನ್ನ ಸಾರು ಮಟ್ಟಿಗೆ. ಬುಧವಾರ ಸಂಜೆ ಎರಡು ಗಂಟೆ ಅದೇ ಅಂಗಡಿಯ ಅಣ್ಣ. ಅಪ್ಪನಿಗೆ ಟ್ಯೂಬ್ ತೆಗೆದಿದ್ದಾರೆ, ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ, ಮಾತು ಅರ್ಧ ಅರ್ಥವಾಗುತ್ತದೆ. ಹೋದ ವಾರ ಬಹಳ ಹೊತ್ತು ಪ್ರಯತ್ನ ಮಾಡಿ "ಮಂ... ಮಂ..." ಅಂದರು, ಅವ್ವ ಮಂಜಣ್ಣನ ಕೇಳ್ತಾರೇನೋ ಅಂದಳು, ಅಕ್ಕ ಮಂತ್ರಾಲಯ ಅಂದಳು. ಕೊನೆಗೆ ಅದು ಮಂಡಕ್ಕಿ. ಮೆಣಸಿನಕಾಯಿ ಬೇಡ ಅಂತ ಹೇಳಿ, ಮಂಡಕ್ಕಿಯನ್ನು ಮೊಸರಿನಲ್ಲಿ ಮೆತ್ತಗೆ ನೆನೆಸಿ ಕೊಟ್ಟೆವು. ಒಂದು ತುತ್ತು ತಿಂದು ನನ್ನನ್ನು ನೋಡಿದ ರೀತಿ ಇತ್ತಲ್ಲ, ಬೈಗುಳಕ್ಕೆ ಮಾತೇ ಬೇಕಾಗಿಲ್ಲ.

ಇವತ್ತು ಶುಕ್ರವಾರ, ಅಕ್ಕನ ಬಸ್ಸು ಇನ್ನೂ ಹೊಳಲ್ಕೆರೆ ದಾಟಿಲ್ಲ. ಮೊಬೈಲಿನಲ್ಲಿ ಅಲಾರಂ ಹೊಡೆಯುತ್ತಿದೆ, ಅಪ್ಪನ ಮಗ್ಗುಲು ಬದಲಿಸಬೇಕು. ಬರುತ್ತೇನೆ.